ತಂತಿ ಮೇಲೆ ಕೂತ ಕಾಗಿಗೆ ಯಾಕ ಶಾಕ್ ಹೊಡಿಯೂದಿಲ್ಲ?

(ವಿಜ್ಞಾನ ಸಂಘದ ಪುಟ: ಕರೆಂಟಿನ ತಂತಿ, ಗಾಳಿಯಂತ್ರ ಮತ್ತು ಪ್ರಾಣಿಪಕ್ಷಿಗಳ ವಿಚಾರ)



ಏಳನೇ ತರಗತಿಯ ತಮ್ಮಂದಿರು ವಿಜ್ಞಾನ ಸಂಘದ ಪ್ರಶ್ನೆ ಡಬ್ಬಿಯಲ್ಲಿ ಒಂದು ಚೀಟಿ ಹಾಕಿದ್ದರು. ಅದರಲ್ಲಿ ಹೀಗೆ ಬರೆದಿತ್ತು: "ತಂತಿ ಮ್ಯಾಲ ಕಾಗಿ ಕೂತರ ಏನೂ ಆಗಲ್ಲ. ಮತ್ತ ಟಿ.ಸಿ. ಹತ್ರ ಬಾವಲಿ ಸತ್ತು ಯಾಕ ಜೋತಾಡ್ತಾವ?" ಪ್ರಶ್ನೆ ಸಣ್ಣದು, ಉತ್ತರ ಮಾತ್ರ ಸಣ್ಣದಲ್ಲ. ಉತ್ತರ ಹುಡುಕುತ್ತ ಹೋದರೆ ಅದು ನಮ್ಮ ನಾರಾಯಣಪುರದ ಹೊಲದ ಕಂಬದಿಂದ ಸಾತಾರಾದ ಗುಡ್ಡದ ತನಕ, ಅಲ್ಲಿಂದ ರಾಜಸ್ಥಾನದ ಮರುಭೂಮಿಯ ತನಕ ಹೋಗುತ್ತದೆ. ಆದುದರಿಂದ ಈ ಸಲ ಪುಟ ಪೂರ್ತಿ ಇದಕ್ಕೇ ಕೊಟ್ಟಿದ್ದೇವೆ. ಬೇಸರ ಮಾಡ್ಕೋಬ್ಯಾಡ್ರಿ.

ಮೊದಲು ಕಾಗಿ ವಿಚಾರ. ಕರೆಂಟು ಹರಿಯುವುದೂ ಒಂದು ರೀತಿಯಲ್ಲಿ ನೀರು ಹರಿದ ಹಾಗೆ. ಇಳಿಜಾರು ಇದ್ದರೆ ನೀರು ಹರಿಯುತ್ತದೆ, ಸಮತಟ್ಟಾಗಿದ್ದರೆ ನಿಂತುಬಿಡುತ್ತದೆ. ಹಾಗೆಯೇ ಎರಡು ಜಾಗದ ವೋಲ್ಟೇಜಿನಲ್ಲಿ ವ್ಯತ್ಯಾಸ ಇದ್ದರೆ ಮಾತ್ರ ಅವುಗಳ ನಡುವೆ ಕರೆಂಟು ಹರಿಯುತ್ತದೆ. ಕಾಗಿಯ ಎರಡೂ ಕಾಲು ಒಂದೇ ತಂತಿಯ ಮೇಲೆ, ನಾಲ್ಕು ಬೆರಳಿನ ಅಂತರದಲ್ಲಿ ಇರುತ್ತವೆ. ಎರಡೂ ಕಾಲಿಗೆ ವೋಲ್ಟೇಜು ಒಂದೇ. ಇಳಿಜಾರೇ ಇಲ್ಲ ಅಂದಮೇಲೆ ಕರೆಂಟು ಕಾಗಿಯ ಮೈಯೊಳಗೆ ಹೋಗುವುದಾದರೂ ಹೇಗೆ? ಅದು ತನ್ನ ಪಾಡಿಗೆ ತಂತಿಯಲ್ಲೇ ಹೋಗುತ್ತದೆ.

ಆದರೆ ಅದೇ ಕಾಗಿ ಒಂದು ತಂತಿಯ ಮೇಲೆ ಕೂತು ಪಕ್ಕದ ತಂತಿಗೆ ರೆಕ್ಕೆ ತಾಗಿಸಿತೋ, ಕೆಲಸ ಕೆಟ್ಟಿತು. ಅಥವಾ ಕಂಬದ ಅಡ್ಡ ಕಬ್ಬಿಣದ ಪಟ್ಟಿಯ ಮೇಲೆ ನಿಂತು ತಂತಿಗೆ ಮೈ ತಾಗಿಸಿದರೂ ಸಾಕು, ಏಕೆಂದರೆ ಆ ಪಟ್ಟಿಗೆ ಭೂಮಿಯ ಸಂಪರ್ಕ ಇರುತ್ತದೆ. ನಮ್ಮ ಹೊಲದಲ್ಲಿ ಹೋಗುವ 11 ಸಾವಿರ ವೋಲ್ಟಿನ ಲೈನಿನಲ್ಲಿ ಬಿಳಿ ಪಿಂಗಾಣಿ ಕಪ್ಪಿನ ಮೇಲೆ ತಂತಿ ಕೂತಿರುತ್ತದೆ. ಆ ಕಪ್ಪಿನ ಎತ್ತರ ಒಂದು ಗೇಣಿನ ಆಸುಪಾಸು. ಗುಬ್ಬಿ ಮೈನಾಗಳಿಗೆ ಅಷ್ಟು ಅಂತರ ಬೇಕಾದಷ್ಟಾಯಿತು. ಹದ್ದು, ಗಿಡುಗ, ಗೂಬೆ, ನವಿಲಿಗೆ ಸಾಲದು. ಎತ್ತರದ ಜಾಗ ಬೇಕೆಂದು ಅವು ಕಂಬದ ತುದಿಯನ್ನೇ ಆರಿಸಿಕೊಳ್ಳುತ್ತವೆ. ಸುತ್ತ ದೊಡ್ಡ ಗಿಡ ಇಲ್ಲದ ಎರೆ ಹೊಲದಲ್ಲಿ ಕಂಬ ಬಿಟ್ಟರೆ ಅವಕ್ಕೆ ಬೇರೆ ಜಾಗವಾದರೂ ಎಲ್ಲಿದೆ?

ಇನ್ನು ಬಾವಲಿ. ಹಣ್ಣು ತಿನ್ನುವ ದೊಡ್ಡ ಬಾವಲಿ ರೆಕ್ಕೆ ಬಿಚ್ಚಿದರೆ ಅದರ ಅಗಲ ಒಂದು ಮೀಟರಿಗೂ ಹೆಚ್ಚು. ಅದು ಹಕ್ಕಿಯ ಹಾಗೆ ತಂತಿಯ ಮೇಲೆ ಕೂಡುವುದಿಲ್ಲ, ಹಿಡಿದು ತಲೆಕೆಳಗಾಗಿ ಜೋತು ಬೀಳುತ್ತದೆ. ಜೋತು ಬೀಳುವಾಗ ರೆಕ್ಕೆ ಬೀಸಿ ಇನ್ನೊಂದು ತಂತಿಗೋ ಕಂಬಕ್ಕೋ ತಾಗಿದರೆ ಅಲ್ಲೇ ಸುಟ್ಟುಹೋಗುತ್ತದೆ. ಕಾಲಿನ ಉಗುರು ಹಿಡಿದ ಹಾಗೇ ಉಳಿಯುವುದರಿಂದ ಕೆಳಗೆ ಬೀಳದೆ ಒಣಗುವ ತನಕ ತಂತಿಯಲ್ಲೇ ತೂಗುತ್ತದೆ. ಬಾವಲಿ ಅಪಶಕುನ ಅನ್ನುವವರು ಊರಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಆಲ, ಅತ್ತಿ ಹಣ್ಣು ತಿಂದು ಬೀಜ ದೂರ ದೂರ ಒಯ್ದು ಹಾಕುವುದು ಅದೇ. ಶಕುನದ ಮಾತು ಬಿಟ್ಟರೂ, ಬಾವಲಿಯೋ ಮಂಗವೋ ಲೈನಿಗೆ ಸಿಕ್ಕರೆ ಫ್ಯೂಸ್ ಹೋಗುತ್ತದೆ, ಮೋಟರು ನಿಲ್ಲುತ್ತದೆ, ಲೈನ್‌ಮನ್ ಬರುವ ತನಕ ಮನೆಯಲ್ಲಿ ಕತ್ತಲು. ಪ್ರಾಣಿ ಸಾಯುವುದಕ್ಕೂ ನಮ್ಮ ಕರೆಂಟಿಗೂ ಇಷ್ಟು ಹತ್ತಿರದ ನಂಟು.

ಇಷ್ಟು ಹೊತ್ತು ಹೇಳಿದ್ದು ಶಾಕ್ ಹೊಡೆದು ಸಾಯುವುದು. ಎರಡನೇ ಬಗೆಯ ಸಾವು ಬೇರೆ. ಇದರಲ್ಲಿ ಕರೆಂಟು ಏನೂ ಮಾಡುವುದಿಲ್ಲ, ಲೈನ್ ಬಂದ್ ಇದ್ದರೂ ಹಕ್ಕಿ ಸಾಯುತ್ತದೆ. ಹಾರುತ್ತ ಬಂದು ತಂತಿಗೆ ಬಡಿದು ಸಾಯುವುದು! ದೊಡ್ಡ ಟವರಿನ ಲೈನಿನಲ್ಲಿ ತಂತಿಗಳ ನಡುವೆ ಅಂತರ ಬಹಳ, ಅಲ್ಲಿ ಶಾಕ್ ಭಯ ಕಡಿಮೆ, ಬಡಿಯುವ ಭಯ ಹೆಚ್ಚು. ಎಲ್ಲಕ್ಕೂ ಮೇಲೆ ಸಿಡಿಲಿನಿಂದ ಕಾಪಾಡಲು ಹಾಕಿದ ಒಂದು ತೆಳ್ಳನೆಯ ಅರ್ತ್ ತಂತಿ ಇರುತ್ತದೆ, ನೋಡಿದ್ದೀರಾ? ಹಕ್ಕಿ ಕೆಳಗಿನ ದಪ್ಪ ತಂತಿಗಳನ್ನು ಕಂಡು ಮೇಲೇಳುತ್ತದೆ, ಮೇಲಿನ ತೆಳು ತಂತಿ ಕಾಣದೆ ಅದಕ್ಕೆ ಬಡಿಯುತ್ತದೆ.

"ಹಕ್ಕಿಗೆ ಕಣ್ಣು ಕಾಣಲ್ಲೇನು?" ಅಂತ ಕೇಳಬಹುದು. ಕಾಣುತ್ತದೆ, ಆದರೆ ನಮ್ಮ ಹಾಗಲ್ಲ. ನಮ್ಮ ಎರಡೂ ಕಣ್ಣು ಮುಖದ ಮುಂದೆ ಇವೆ. ಬಹಳ ಹಕ್ಕಿಗಳಿಗೆ ಕಣ್ಣು ಪಕ್ಕದಲ್ಲಿ ಇರುತ್ತವೆ. ಎಡಬಲ ಚೆನ್ನಾಗಿ ಕಾಣುತ್ತದೆ, ನೇರ ಎದುರಿಗೆ ಕಾಣುವ ಜಾಗ ಒಂದು ಸಣ್ಣ ಪಟ್ಟಿ ಅಷ್ಟೆ. ಗ್ರಹಾಂ ಮಾರ್ಟಿನ್ ಮತ್ತು ಜೆಸಿಕಾ ಶಾ ಎಂಬ ವಿಜ್ಞಾನಿಗಳು ಆಫ್ರಿಕಾದ ಕೋರಿ ಬಸ್ಟರ್ಡ್ ಎಂಬ ದೊಡ್ಡ ಹಕ್ಕಿಯ ದೃಷ್ಟಿಯನ್ನು ಅಳೆದು 2010ರಲ್ಲಿ ಪ್ರಕಟಿಸಿದರು. ಆ ಹಕ್ಕಿ ಹಾರುವಾಗ ನೆಲ ನೋಡಲೆಂದು ತಲೆಯನ್ನು ಸುಮಾರು 25 ಡಿಗ್ರಿ ಬಗ್ಗಿಸಿದರೆ ಸಾಕು, ತಾನು ಹೋಗುವ ದಾರಿಯೇ ಅದಕ್ಕೆ ಕಾಣದು. ಕೋನಮಾಪಕ ತೆಗೆದು 25 ಡಿಗ್ರಿ ಎಷ್ಟೆಂದು ನೋಡಿ. ಪುಸ್ತಕ ಓದಲು ನಾವು ಅದಕ್ಕಿಂತ ಹೆಚ್ಚು ತಲೆ ಬಗ್ಗಿಸುತ್ತೇವೆ.

ಈ ಕೋರಿ ಬಸ್ಟರ್ಡಿನ ಸಂಬಂಧಿ ನಮ್ಮ ಸೀಮೆಯದೇ ಒಂದು ಹಕ್ಕಿ. ಎರೆ ಭೂಮಿಯಲ್ಲಿ, ಹುಲ್ಲುಗಾವಲಿನಲ್ಲಿ ಇರುವ ಇದಕ್ಕೆ ಬಳ್ಳಾರಿ ಕಡೆ ಎರೆಭೂತ ಎನ್ನುತ್ತಾರೆ. ಪುಸ್ತಕದಲ್ಲಿ ಹೆಬ್ಬಕ, ಮರಾಠಿಯಲ್ಲಿ ಮಾಳಢೋಕ. ಗಂಡು 15 ಕಿಲೋ ತೂಗಬಲ್ಲದು, ಹಾರುವ ಹಕ್ಕಿಗಳಲ್ಲಿ ಇದು ಬಹಳ ಭಾರವಾದವುಗಳ ಸಾಲಿಗೆ ಸೇರಿದ್ದು. ಭಾರ ಹೆಚ್ಚಾದ್ದರಿಂದ ತಂತಿ ಎದುರಿಗೆ ಬಂದಾಗ ಗಕ್ಕನೆ ತಿರುಗಲಾರದು. ನಮ್ಮ ನೆರೆಯ ಸೊಲ್ಲಾಪುರದ ಹತ್ತಿರ ನಾನ್ನಜ್‌ನಲ್ಲಿ ಇದಕ್ಕಾಗಿಯೇ 1979ರಲ್ಲಿ ಅಭಯಾರಣ್ಯ ಮಾಡಿದರು. ಈಗ ಅಲ್ಲಿ ಕಾಣುವುದೇ ಅಪರೂಪ. ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರಗುಪ್ಪ ಕಡೆ ಬೆರಳೆಣಿಕೆಯಷ್ಟು ಉಳಿದಿವೆ. ದೇಶದಲ್ಲೆಲ್ಲ ಸೇರಿ 150ಕ್ಕಿಂತ ಕಡಿಮೆ ಎಂದು ಅಂದಾಜು, ಅದರಲ್ಲಿ ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಕಡೆ.

ಆ ಜೈಸಲ್ಮೇರಿನಲ್ಲೇ ಗಾಳಿ ಮತ್ತು ಬಿಸಿಲಿನಿಂದ ಕರೆಂಟು ತಯಾರಿಸುವ ಯಂತ್ರಗಳು ಬಂದವು, ಅವುಗಳ ಜೊತೆಗೆ ತಂತಿಗಳ ಜಾಲವೂ ಬಂತು. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯವರು ಅಲ್ಲಿ 80 ಕಿ.ಮೀ. ಉದ್ದದ ಲೈನುಗಳ ಕೆಳಗೆ ಒಂದು ವರ್ಷದಲ್ಲಿ ಏಳು ಸಲ ನಡೆದು ಸತ್ತ ಹಕ್ಕಿ ಎಣಿಸಿದರು. 289 ಸಿಕ್ಕವು, ಸುಮಾರು 40 ಜಾತಿಯವು, ಅವುಗಳಲ್ಲಿ ಎರೆಭೂತವೂ ಇತ್ತು. ಇದರಿಂದ ಲೆಕ್ಕ ಹಾಕಿ, ಆ ಸುತ್ತಿನ 4,200 ಚದರ ಕಿ.ಮೀ. ಪ್ರದೇಶದಲ್ಲಿ ವರ್ಷಕ್ಕೆ 80 ಸಾವಿರಕ್ಕೂ ಹೆಚ್ಚು ಹಕ್ಕಿ ತಂತಿಯಿಂದ ಸಾಯುತ್ತವೆ ಎಂದು ಅಂದಾಜು ಮಾಡಿದರು.

289 ಎಲ್ಲಿ, 80 ಸಾವಿರ ಎಲ್ಲಿ? ಇದೇನು ಬುರುಡೆ ಅನಿಸಬಹುದು. ಅಲ್ಲ. ಒಂದನೆಯದಾಗಿ, ನಡೆದದ್ದು 80 ಕಿ.ಮೀ. ಮಾತ್ರ, ಲೈನು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಇದೆ. ಎರಡನೆಯದು, ಬಿದ್ದ ಹಕ್ಕಿಯನ್ನು ನಾಯಿ, ನರಿ, ಕಾಗಿ ಬಿಟ್ಟಾವೇ? ಬೆಳಗಾಗುವುದರೊಳಗೆ ಒಂದು ಗರಿಯೂ ಉಳಿದಿರುವುದಿಲ್ಲ. ಮೂರನೆಯದು, ಪೊದೆಯಲ್ಲಿ ಬಿದ್ದದ್ದು ಎಣಿಸುವವರ ಕಣ್ಣಿಗೆ ಬೀಳದೆಯೂ ಹೋಗುತ್ತದೆ. ಇದಕ್ಕೆ ವಿಜ್ಞಾನಿಗಳು ಒಂದು ಉಪಾಯ ಮಾಡುತ್ತಾರೆ. ಹುಡುಕುವವರಿಗೆ ಹೇಳದೆ ಬೇರೊಬ್ಬರು ಹೊಲದಲ್ಲಿ ಎಣಿಸಿಟ್ಟ ವಸ್ತುಗಳನ್ನು ಹಾಕಿ ಬರುತ್ತಾರೆ. ಗುರುಗಳು 10 ಕರಿ ಬಟ್ಟೆಯ ಉಂಡೆ ಅಲ್ಲಲ್ಲಿ ಒಗೆದು ಬಂದರು ಅಂತ ಇಟ್ಕೊಳ್ರಿ. ನಮಗೆ 5 ಸಿಕ್ಕವು. ಅಂದರೆ ನಮ್ಮ ಕಣ್ಣು ಅರ್ಧ ಮಾತ್ರ ಹಿಡಿಯುತ್ತದೆ. ಹಾಗಾದರೆ 6 ಸತ್ತ ಹಕ್ಕಿ ಕಂಡೆವೆಂದರೆ ನಿಜಕ್ಕೂ ಬಿದ್ದಿರುವುದು 12ರ ಸುಮಾರು. ನಾಯಿ ಒಯ್ದ ಲೆಕ್ಕವನ್ನೂ ಹೀಗೇ ಪರೀಕ್ಷೆ ಮಾಡಿ ಸೇರಿಸುತ್ತಾರೆ. ಹೀಗೆ ಸತ್ತದ್ದನ್ನು ಎಣಿಸುವುದಕ್ಕೂ ಒಂದು ಗಣಿತ ಇದೆ.

ಎಂ. ಕೆ. ರಂಜಿತ್‌ಸಿಂಹ ಎಂಬ ನಿವೃತ್ತ ಅಧಿಕಾರಿಗಳು ಈ ಹಕ್ಕಿಯ ಪರವಾಗಿ ಸುಪ್ರೀಂ ಕೋರ್ಟಿಗೆ ಹೋದರು. 2021ರ ಏಪ್ರಿಲ್‌ನಲ್ಲಿ ನ್ಯಾಯಾಲಯವು ರಾಜಸ್ಥಾನ, ಗುಜರಾತಿನಲ್ಲಿ ಎರೆಭೂತ ಇರುವ ಜಾಗದ ತಂತಿಗಳನ್ನು ಸಾಧ್ಯವಾದಲ್ಲೆಲ್ಲ ನೆಲದೊಳಗೆ ಹೂಳಬೇಕು, ಉಳಿದೆಡೆ ಹಕ್ಕಿಗೆ ಕಾಣುವಂತೆ ಗುರುತಿನ ಬಿಲ್ಲೆ ತೂಗಬೇಕು ಎಂದಿತು. ಅಷ್ಟು ದೊಡ್ಡ ಪ್ರದೇಶದಲ್ಲಿ ಭಾರೀ ಲೈನುಗಳನ್ನು ಹೂಳುವುದು ಆಗದ ಮಾತು, ಕಲ್ಲಿದ್ದಲು ಬಿಟ್ಟು ಬಿಸಿಲು ಗಾಳಿಯ ಕರೆಂಟಿಗೆ ಹೋಗುವುದೂ ದೇಶಕ್ಕೆ ಬೇಕು ಎಂದು ಸರ್ಕಾರ ವಾದಿಸಿತು. 2024ರ ಮಾರ್ಚ್‌ನಲ್ಲಿ ನ್ಯಾಯಾಲಯ ತನ್ನ ಆದೇಶ ಸಡಿಲಿಸಿ, ಎಲ್ಲಿ ಹೂಳಬೇಕು ಎಲ್ಲಿ ಬೇಡ ಎಂದು ಹೇಳಲು ತಜ್ಞರ ಸಮಿತಿ ಮಾಡಿತು. ನನಗನಿಸುವ ಪ್ರಕಾರ ಇಲ್ಲಿ ಎರಡೂ ಕಡೆಯವರ ಮಾತಿನಲ್ಲಿ ಹುರುಳಿದೆ. ಆದರೆ ತಂತಿ ಎಳೆಯುವ ಮೊದಲೇ ಹಕ್ಕಿಯ ದಾರಿ ಕೇಳಿದ್ದರೆ ಕೋರ್ಟಿನ ತನಕ ಹೋಗುವ ಪ್ರಸಂಗವೇ ಬರುತ್ತಿರಲಿಲ್ಲ.

ಈಗ ಗಾಳಿಯಂತ್ರಕ್ಕೆ ಬರೋಣ. ಗದಗ, ಚಿತ್ರದುರ್ಗ, ವಿಜಯಪುರ ಕಡೆ ಬಸ್ಸಿನಲ್ಲಿ ಹೋದವರು ನೋಡಿರುತ್ತೀರಿ, ಜನ ಅದಕ್ಕೆ ಸೀದಾ ಫ್ಯಾನ್ ಅಂತಾರ. ದೂರದಿಂದ ನೋಡಿದರೆ ನಿದ್ದೆಗಣ್ಣಿನಲ್ಲಿ ತಿರುಗಿದ ಹಾಗೆ ಕಾಣುತ್ತದೆ. ಇದು ಕಣ್ಣಿನ ಮೋಸ. ಲೆಕ್ಕ ಮಾಡಿ ನೋಡಿ: ಅಲಗಿನ ಉದ್ದ 60 ಮೀಟರ್ ಇದ್ದರೆ ಅದರ ತುದಿ ಒಂದು ಸುತ್ತಿಗೆ ಹೋಗುವ ದೂರ 2 × 3.14 × 60, ಅಂದರೆ ಸುಮಾರು 377 ಮೀಟರ್. ನಿಮಿಷಕ್ಕೆ 12 ಸುತ್ತು ಅಂದರೆ ಗಂಟೆಗೆ 271 ಕಿ.ಮೀ.! ಹುಮನಾಬಾದಿಗೆ ಹೋಗುವ ಬಸ್ಸಿಗಿಂತ ಎಷ್ಟು ಪಟ್ಟು ಎಂಬುದನ್ನು ನೀವೇ ಭಾಗಿಸಿ ನೋಡಿರಿ. ವೃತ್ತದ ಸುತ್ತಳತೆ ಕಲಿತು ಏನು ಉಪಯೋಗ ಎಂದು ಕೇಳುವವರಿಗೆ ಇದೇ ಉತ್ತರ. ಹದ್ದಿನ ಕಣ್ಣಿಗೆ ದೂರದಲ್ಲಿ ಅಲಗು ಕಾಣುತ್ತದೆ, ಹತ್ತಿರ ಬಂದ ಹಾಗೆ ಅದು ಕರಗಿ ಮಬ್ಬಾಗುತ್ತದೆ. ಜೋರಾಗಿ ತಿರುಗುವ ಟೇಬಲ್ ಫ್ಯಾನಿನ ಅಲಗು ನಮಗೆ ಕಾಣದ ಹಾಗೆ.

ನಮ್ಮ ರಾಜ್ಯದ ಲೆಕ್ಕವೂ ಇದೆ. ಕೊಯಮತ್ತೂರಿನ ಸಾಲಿಂ ಅಲಿ ಪಕ್ಷಿವಿಜ್ಞಾನ ಕೇಂದ್ರದ ಸಂಶೋಧಕರು ಗುಜರಾತಿನ ಕಛ್‌ನಲ್ಲೂ ನಮ್ಮ ಹರಪನಹಳ್ಳಿಯಲ್ಲೂ (ಆಗ ಅದು ದಾವಣಗೆರೆ ಜಿಲ್ಲೆಯಲ್ಲಿತ್ತು) ಗಾಳಿಯಂತ್ರಗಳ ಬುಡದಲ್ಲಿ ಹುಡುಕಿ, 2019ರಲ್ಲಿ ವರದಿ ಪ್ರಕಟಿಸಿದರು. ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಉತ್ತರ ಬಂತು: ಒಂದು ಯಂತ್ರಕ್ಕೆ ವರ್ಷಕ್ಕೆ ಅರ್ಧ ಹಕ್ಕಿಯ ಸುಮಾರು, ಅಂದರೆ ಎರಡು ಯಂತ್ರಕ್ಕೆ ಒಂದು ಹಕ್ಕಿ.

"ಅಷ್ಟೇನಾ? ನಮ್ಮ ಬೆಕ್ಕು ಇದಕ್ಕಿಂತ ಜಾಸ್ತಿ ಹಿಡಿತದ" ಅಂತ ಒಬ್ಬ ಗೆಳೆಯ ನಕ್ಕ. ಬೆಕ್ಕು ಹಿಡಿಯುವುದು ಗುಬ್ಬಿ, ಪಾರಿವಾಳ. ಅವು ವರ್ಷಕ್ಕೆ ಎರಡು ಮೂರು ಸಲ ಮರಿ ಮಾಡುತ್ತವೆ, ಹೋದದ್ದು ತುಂಬಿಕೊಳ್ಳುತ್ತದೆ. ಎರೆಭೂತ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ ಇಡುವುದು, ಅದೂ ಬರಿ ನೆಲದ ಮೇಲೆ. ದೊಡ್ಡ ಗರುಡ, ರಣಹದ್ದುಗಳದೂ ಹೆಚ್ಚು ಕಡಿಮೆ ಇದೇ ಕಥೆ. ಹತ್ತು ಕಾಗಿ ಹೋದರೆ ಊರಿಗೆ ಗೊತ್ತೇ ಆಗುವುದಿಲ್ಲ, ಹತ್ತು ಎರೆಭೂತ ಹೋದರೆ ಒಂದು ಜಿಲ್ಲೆಯೇ ಖಾಲಿ. ಹಾಗಾಗಿ ಎಷ್ಟು ಸತ್ತವು ಎಂಬುದರ ಜೊತೆಗೆ ಯಾವುದು ಸತ್ತಿತು ಎಂದೂ ಕೇಳಬೇಕಾಗುತ್ತದೆ.

ಎಲ್ಲಕ್ಕಿಂತ ಸ್ವಾರಸ್ಯದ ಸಂಶೋಧನೆ ಇನ್ನು ಮುಂದಿದೆ. ಇದರಲ್ಲಿ ಸತ್ತದ್ದನ್ನು ಎಣಿಸಲೇ ಇಲ್ಲ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಚಾಳಕೇವಾಡಿ ಎಂಬ ಎತ್ತರದ ಬಯಲು ಇದೆ. ಬೀದರ ಕೋಟೆಗೆ ಬಳಸಿದ ಜಂಬಿಟ್ಟಿಗೆ ಇದೆಯಲ್ಲ, ಅಂಥದ್ದೇ ಕೆಂಪು ಕಲ್ಲಿನ ಬಯಲು. ಅಲ್ಲಿ ಸುಮಾರು ಎರಡು ದಶಕದಿಂದ ಗಾಳಿಯಂತ್ರಗಳು ತಿರುಗುತ್ತಿದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾರಿಯಾ ಠಾಕರ್ ಮತ್ತು ಅವರ ಜೊತೆಗಾರರು ಯಂತ್ರ ಇರುವ ಜಾಗ, ಯಂತ್ರ ಇಲ್ಲದ ಜಾಗ ಎರಡನ್ನೂ ಹೋಲಿಸಿದರು. ಹದ್ದು ಗಿಡುಗ ಎಷ್ಟು ಹಾರಿದವು, ಎಷ್ಟು ಸಲ ಬೇಟೆಗೆಂದು ಕೆಳಗೆ ಎರಗಿದವು ಎಂದು ಬರೆದುಕೊಂಡರು. ಯಂತ್ರ ಇರುವ ಕಡೆ ಅವು ಸುಮಾರು ನಾಲ್ಕು ಪಟ್ಟು ಕಡಿಮೆ. ಅಲಗಿಗೆ ಸಿಕ್ಕಿ ಸಾಯದಿದ್ದರೂ ಅವು ಆ ಜಾಗವನ್ನೇ ಬಿಟ್ಟಿದ್ದವು.

ಹದ್ದು ಹೋದರೆ ಯಾರಿಗೆ ಹಬ್ಬ? ಓತಿಕ್ಯಾತಕ್ಕೆ. ಆ ಬಯಲಿನಲ್ಲಿ ಒಂದು ಚೆಂದದ ಓತಿಕ್ಯಾತ ಇದೆ, ಗಂಡು ತನ್ನ ಗಂಟಲಿನ ಚರ್ಮವನ್ನು ಬೀಸಣಿಗೆಯ ಹಾಗೆ ಬಿಚ್ಚಿ ನೀಲಿ, ಕಪ್ಪು, ಕಿತ್ತಳೆ ಬಣ್ಣ ತೋರಿಸುತ್ತದೆ. ಯಂತ್ರ ಇರುವ ಕಡೆ ಇವು ಬಹಳ ಹೆಚ್ಚಾಗಿದ್ದವು. ಸಂಶೋಧಕರು ಅವುಗಳ ರಕ್ತ ಪರೀಕ್ಷಿಸಿದಾಗ ಗಾಬರಿಯ ಹಾರ್ಮೋನು ಕಡಿಮೆ ಇತ್ತು. ಮನುಷ್ಯ ನಡೆದು ಹೋದರೆ ಬಹಳ ಹತ್ತಿರ ಬರುವ ತನಕ ಓಡುತ್ತಲೇ ಇರಲಿಲ್ಲ. ಹೊಡೆಯುವ ಮಾಸ್ತರರು ರಜೆ ಹಾಕಿದ ದಿನದ ತರಗತಿಯ ಹಾಗೆ! (ಗುರುಗಳು ಕ್ಷಮಿಸಬೇಕು.) ಆದರೆ ಆ ಓತಿಕ್ಯಾತಗಳು ಸೊರಗಿದ್ದವು, ಗಂಟಲಿನ ಬಣ್ಣವೂ ಮಂಕಾಗಿತ್ತು. ಪಂಕ್ತಿಯಲ್ಲಿ ಕೂತವರು ಜಾಸ್ತಿಯಾದರೆ ಎಲೆಗೆ ಬೀಳುವ ಅನ್ನ ಕಮ್ಮಿಯಾಗುತ್ತದಲ್ಲ, ಹಾಗೆ. ಆಕಾಶದಲ್ಲಿ ಒಂದು ಅಲಗು ತಿರುಗಿದ್ದಕ್ಕೆ ನೆಲದ ಮೇಲಿನ ಓತಿಕ್ಯಾತದ ಕೊರಳ ಬಣ್ಣ ಬದಲಾಯಿತು. 2018ರಲ್ಲಿ ಇದು ಪ್ರಕಟವಾದಾಗ ಹೊರದೇಶಗಳಲ್ಲೂ ಸುದ್ದಿಯಾಯಿತು. ಸತ್ತ ಹಕ್ಕಿಯನ್ನಷ್ಟೇ ಹುಡುಕಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನಮಗೂ ಇದು ದೂರದ ಮಾತಲ್ಲ. ಚಳಿಗಾಲದಲ್ಲಿ ಹೊರದೇಶದಿಂದ ಬರುವ ಹಾರಿಯರ್ ಎಂಬ ಗಿಡುಗಗಳು ದಖ್ಖನಿನ ಜೋಳ, ತೊಗರಿ, ಕಡಲೆ ಹೊಲದ ಮೇಲೆ ತಗ್ಗಿನಲ್ಲಿ ತೇಲುತ್ತ ಮಿಡತೆ, ಇಲಿ ಹಿಡಿಯುತ್ತವೆ. ಗೂಬೆ ರಾತ್ರಿಯೆಲ್ಲ ಇಲಿ ಹಿಡಿಯುತ್ತದೆ. ಇವು ಕೂಲಿ ಕೇಳದ ಆಳುಗಳು. ಇನ್ನೊಂದು ಕಡೆ, ನಮ್ಮ ಬೀದರ ಜಿಲ್ಲೆಗೆ 2,500 ಮೆಗಾವ್ಯಾಟಿನ ಸೌರ ವಿದ್ಯುತ್ ವಲಯವನ್ನೂ ಅದಕ್ಕೆ ಬೇಕಾದ 765 ಕಿಲೋವೋಲ್ಟಿನ ದೊಡ್ಡ ಲೈನನ್ನೂ ಯೋಜಿಸಿದ್ದಾರೆ. ಬಯಲಿನಲ್ಲಿ ಚಿಗರಿ ಓಡಾಡುವ ಜಿಲ್ಲೆ ನಮ್ಮದು. ಲೈನ್ ಬೇಡ ಅಂತ ನಾವು ಹೇಳುತ್ತಿಲ್ಲ. ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ಹೊಗೆ ಬೂದಿ ಎಬ್ಬಿಸುವುದಕ್ಕಿಂತ ಗಾಳಿ ಬಿಸಿಲೇ ಮೇಲು. ಪರೀಕ್ಷೆ ಹಿಂದಿನ ರಾತ್ರಿ ಕರೆಂಟು ಹೋದಾಗ ಯಾರೂ ಹಕ್ಕಿಯ ಪರ ಮಾತಾಡುವುದಿಲ್ಲ, ನಾನೂ ಸೇರಿ. ಆದರೆ 2006ರ ಪರಿಸರ ಪರಿಣಾಮ ಅಂದಾಜಿನ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿಯಂತ್ರವನ್ನು ಸೇರಿಸಿಲ್ಲ. ಅಂದರೆ ದೊಡ್ಡ ಕಾರ್ಖಾನೆಗೆ ಮಾಡುವ ಹಾಗೆ ಮೊದಲೇ ಪರಿಸರದ ಅಧ್ಯಯನ ಮಾಡಿ ಒಪ್ಪಿಗೆ ಪಡೆಯಬೇಕೆಂಬ ಕಟ್ಟಳೆ ಇದಕ್ಕಿಲ್ಲ. ಇದು ಸರಿ ಅಂತ ನಮಗೆ ಅನಿಸುವುದಿಲ್ಲ.

ಉಪಾಯಗಳಂತೂ ಇವೆ. ನಾರ್ವೆ ದೇಶದ ಸ್ಮೋಲಾ ದ್ವೀಪದಲ್ಲಿ ನಾಲ್ಕು ಯಂತ್ರಗಳ ಮೂರು ಅಲಗಿನಲ್ಲಿ ಒಂದಕ್ಕೆ ಕಪ್ಪು ಬಣ್ಣ ಬಳಿದರು. ಪಕ್ಕದ ಯಂತ್ರಗಳಿಗೆ ಹೋಲಿಸಿದರೆ ಅಲ್ಲಿ ಹಕ್ಕಿಗಳ ಸಾವು ನೂರಕ್ಕೆ 70ರಷ್ಟು ಇಳಿಯಿತು ಎಂದು 2020ರಲ್ಲಿ ವರದಿಯಾಯಿತು. ಒಂದು ಡಬ್ಬಿ ಬಣ್ಣದ ಕೆಲಸ! ಯಂತ್ರ ಕೆಲವೇ ಆದ್ದರಿಂದ ಬೇರೆ ಕಡೆಯೂ ಮಾಡಿ ನೋಡಬೇಕಾದ ಪ್ರಯೋಗ ಇದು. ಬಾವಲಿಗಳು ಗಾಳಿ ಕಡಿಮೆ ಇರುವ ರಾತ್ರಿ ಹೆಚ್ಚು ಹಾರಾಡುತ್ತವೆ. ಅಂಥ ರಾತ್ರಿ ಯಂತ್ರ ನಿಲ್ಲಿಸಿದರೆ ಹೇಗೆಂದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೋಡಿದರು. ಬಾವಲಿಗಳ ಸಾವು ನೂರಕ್ಕೆ 44ರಿಂದ 93ರ ತನಕ ಇಳಿಯಿತು, ವರ್ಷದ ಕರೆಂಟಿನಲ್ಲಿ ಆದ ನಷ್ಟ ನೂರಕ್ಕೆ ಒಂದಕ್ಕೂ ಕಡಿಮೆ. ನಮ್ಮ ಹೊಲದ ಕಂಬಕ್ಕೆ ಇದಕ್ಕಿಂತ ಸರಳ ದಾರಿ ಇದೆ. ಪಿಂಗಾಣಿ ಕಪ್ಪಿನ ಎರಡೂ ಬದಿ ಮೊಳದಷ್ಟು ತಂತಿಗೆ, ಟಿ.ಸಿ.ಯ ಬಾಯಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ಹಕ್ಕಿ ಕೂತರೂ ತೊಂದರೆ ಇಲ್ಲ, ಫ್ಯೂಸೂ ಹೋಗುವುದಿಲ್ಲ.

ಎಲ್ಲಿ ಹೊದಿಕೆ ಬೇಕು ಎಂದು ಹೇಳಲು ಎಲ್ಲಿ ಸಾಯುತ್ತವೆ ಎಂದು ಗೊತ್ತಿರಬೇಕು. ಆದುದರಿಂದ ವಿಜ್ಞಾನ ಸಂಘದಿಂದ ಒಂದು ಎಣಿಕೆ ಶುರು ಮಾಡುತ್ತಿದ್ದೇವೆ. ಪ್ರತಿ ಶನಿವಾರ ಶಾಲೆ ಬಿಟ್ಟಮೇಲೆ ಇಬ್ಬರಿಬ್ಬರು ಗುರುಗಳ ಜೊತೆ ಊರಿನಿಂದ ಹಳೇ ಶಿವಾಲಯದ ಕಡೆಯ ಲೈನಿನ ಪಕ್ಕದ ದಾರಿಯಲ್ಲಿ ನಡೆಯುವುದು. ದಾರಿ ಬಿಟ್ಟು ತಂತಿಯ ಕೆಳಗೆ ಹೋಗಬಾರದು. ಸತ್ತದ್ದನ್ನು ಕೈಯಿಂದ ಮುಟ್ಟಬಾರದು, ಕೋಲಿನಿಂದಲೂ ತಿವಿಯಬಾರದು. ತಂತಿಗೆ ಜೋತಾಡುವುದನ್ನು ಕಲ್ಲು ಹೊಡೆದು ಬೀಳಿಸಬಾರದು. ತಂತಿ ಹರಿದು ಬಿದ್ದಿದ್ದರೆ ದೂರದಲ್ಲೇ ನಿಂತು ದೊಡ್ಡವರಿಗೆ ಹೇಳಿ 1912ಕ್ಕೆ ಫೋನ್ ಮಾಡಿಸಬೇಕು. ವಹಿಯಲ್ಲಿ ತಾರೀಖು, ಕಂಬದ ನಂಬರು, ಯಾವ ಪ್ರಾಣಿ, ಸುಟ್ಟ ಗುರುತು ಇದೆಯೋ ಇಲ್ಲವೋ, ಇಷ್ಟು ಬರೆದರೆ ಸಾಕು. ಸುಟ್ಟ ಗುರುತಿದ್ದರೆ ಶಾಕ್, ರೆಕ್ಕೆಯೋ ಕತ್ತೋ ಮುರಿದಿದ್ದರೆ ಬಡಿದದ್ದು ಎಂದು ಊಹಿಸಬಹುದು. ಏನೂ ಸಿಗದ ಶನಿವಾರ ಆ ಸಾಲಿನಲ್ಲಿ "ಇಲ್ಲ" ಎಂದು ಬರೆಯುವುದು ಕಡ್ಡಾಯ. ಅದನ್ನು ಖಾಲಿ ಬಿಟ್ಟರೆ ನಡೆದದ್ದೋ ನಡೆಯದ್ದೋ ಆಮೇಲೆ ತಿಳಿಯುವುದಿಲ್ಲ. ವಹಿ ಈ ಗೋಡೆಪತ್ರಿಕೆಯ ಪಕ್ಕದ ಮೊಳೆಗೆ ದಾರ ಕಟ್ಟಿ ತೂಗಿಬಿಟ್ಟಿದೆ. ಪೆನ್ಸಿಲು ಮಾತ್ರ ನೀವೇ ತರಬೇಕು, ಹೋದ ಸಲ ಕಟ್ಟಿದ್ದು ಎರಡೇ ದಿನಕ್ಕೆ ಮಾಯವಾಗಿದೆ.